ಕಾರಿನಲ್ಲಿ ಹಾಲು, ಕಾಫಿ, ಊಟ ಚೆಲ್ಲಿದೆಯಾ? ವಾಸನೆಯನ್ನು ಬುಡದಿಂದ ತೆಗೆಯುವ ಸಮಗ್ರ ಮಾರ್ಗದರ್ಶಿ

ಕಾರಿನಲ್ಲಿ ಹಾಲು ಚೆಲ್ಲಿದ ದಿನ ಯಾರಿಗೂ ವಾಸನೆ ಬರುವುದಿಲ್ಲ. ಟಿಶ್ಯೂ ತೆಗೆದು ಒರೆಸುತ್ತೇವೆ, ಸೀಟು ಒಣಗಿದ ಹಾಗೆ ಕಂಡರೆ ಕೆಲಸ ಮುಗೀತು ಅಂದುಕೊಳ್ಳುತ್ತೇವೆ. ಎರಡು ಮೂರು ದಿನ ಬಿಟ್ಟು ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆಗೆದಾಗ ಗಪ್ಪನೆ ಮೂಗಿಗೆ ಹೊಡೆಯುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಒಂದು ಪರ್ಫ್ಯೂಮ್ ತಂದು ಕನ್ನಡಿಗೆ ತೂಗು ಹಾಕುವುದು. ಆಮೇಲೆ ಹುಳಿ ಹಾಲಿನ ವಾಸನೆಗೆ ನಿಂಬೆ ವಾಸನೆಯೂ ಸೇರಿಕೊಂಡು ಹೊಟ್ಟೆ ತೊಳಸುತ್ತದೆ.

ಪರ್ಫ್ಯೂಮ್ ಕೆಲಸ ಮಾಡದಿರಲು ಕಾರಣ ಸೀಟಿನ ರಚನೆಯಲ್ಲೇ ಇದೆ. ಮೇಲೆ ಬಟ್ಟೆ, ಅದರ ಬೆನ್ನಿಗೆ ತೆಳು ಫೋಮ್, ಅದರ ಕೆಳಗೆ ದಪ್ಪ ಪಾಲಿಯುರೆಥೇನ್ ಫೋಮ್. ಈ ಫೋಮಿನ ತುಂಬ ಒಂದಕ್ಕೊಂದು ಕೂಡಿದ ಸಣ್ಣ ಸಣ್ಣ ತೂತುಗಳು. ಒಂದು ಲೋಟ ಹಾಲು ಚೆಲ್ಲಿದರೆ ಬಟ್ಟೆಯಲ್ಲಿ ನಿಲ್ಲುವುದು ಸ್ವಲ್ಪ, ಫೋಮಿಗೆ ಇಳಿಯುವುದು ಜಾಸ್ತಿ. ಕಾಲಿಡುವ ಜಾಗದಲ್ಲೂ ಇದೇ ಕಥೆ. ಮ್ಯಾಟ್ ಕೆಳಗೆ ಕಾರ್ಪೆಟ್, ಕಾರ್ಪೆಟ್ ಕೆಳಗೆ ಎಳೆಗಳನ್ನು ಒತ್ತಿ ಮಾಡಿದ ದಪ್ಪ ಫೆಲ್ಟ್ ಹಾಳೆ ಅಥವಾ ಫೋಮ್, ಅದರ ಕೆಳಗೆ ತಗಡು. ತಗಡಿನ ತನಕ ಇಳಿದ ದ್ರವ ಮೇಲಿನಿಂದ ಎಷ್ಟು ಒರೆಸಿದರೂ ಬರುವುದಿಲ್ಲ. ಹಾಗಾಗಿ ಈ ಇಡೀ ಕೆಲಸದಲ್ಲಿ ಎರಡೇ ಪ್ರಶ್ನೆ ಮುಖ್ಯ. ಚೆಲ್ಲಿದ್ದು ಎಲ್ಲಿಯ ತನಕ ಹೋಗಿದೆ? ಅದನ್ನು ಹೊರಗೆ ಎಳೆಯುವುದು ಹೇಗೆ?

ಈಗಷ್ಟೇ ಚೆಲ್ಲಿದ್ದರೆ

ಮೊದಲ ಹತ್ತು ನಿಮಿಷ ಬಹಳ ಬೆಲೆಯುಳ್ಳದ್ದು. ಕಾರನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಗಟ್ಟಿ ಪದಾರ್ಥ ಇದ್ದರೆ ಚಮಚದಲ್ಲೋ ಹಳೆಯ ಪ್ಲಾಸ್ಟಿಕ್ ಕಾರ್ಡಿನಲ್ಲೋ ಅಂಚಿನಿಂದ ನಡುವಿಗೆ ಕೆರೆದು ತೆಗೆಯಿರಿ. ನಡುವಿನಿಂದ ಹೊರಕ್ಕೆ ಎಳೆದರೆ ಕಲೆ ಇನ್ನಷ್ಟು ಹರಡುತ್ತದೆ.

ಆಮೇಲೆ ದಪ್ಪ ಹತ್ತಿ ಟವೆಲ್ ಇಟ್ಟು ಒತ್ತಿ. ಉಜ್ಜಬೇಡಿ. ಉಜ್ಜಿದರೆ ದ್ರವ ಬಟ್ಟೆಯ ಎಳೆಯೊಳಗೆ ಇನ್ನೂ ಆಳಕ್ಕೆ ಹೋಗುತ್ತದೆ. ಸುಮ್ನೆ ಅಂಗೈಯಲ್ಲಿ ತಟ್ಟಿದರೆ ಸಾಲದು, ಮೊಣಕಾಲು ಊರಿ ಮೈಭಾರ ಹಾಕಿ ಒತ್ತಿ. ಆಗ ಫೋಮ್ ಕುಗ್ಗಿ ಒಳಗಿದ್ದದ್ದು ಟವೆಲ್‌ಗೆ ಬರುತ್ತದೆ. ಟವೆಲ್ ಒದ್ದೆಯಾದ ಹಾಗೆಲ್ಲ ಒಣ ಭಾಗಕ್ಕೆ ಮಡಿಸಿಕೊಳ್ಳಿ. ಒಣ ಟವೆಲ್ ಒಣದಾಗಿಯೇ ಉಳಿಯುವ ತನಕ ಇದೇ ಕೆಲಸ.

ಇಷ್ಟಾದ ಮೇಲೆ ತಣ್ಣೀರು ಚಿಮುಕಿಸಿ, ಮತ್ತೆ ಒತ್ತಿ ತೆಗೆಯಿರಿ. ಬಿಸಿನೀರು ಬೇಡವೇ ಬೇಡ. ಹಾಲು, ಮೊಟ್ಟೆ, ಮಾಂಸದ ನೀರು ಇವುಗಳಲ್ಲಿ ಪ್ರೋಟೀನ್ ಇರುತ್ತದೆ. ಬಿಸಿನೀರು ಹಾಕಿದರೆ ಅದು ಬಾಣಲೆಯಲ್ಲಿ ಮೊಟ್ಟೆ ಬೆಂದ ಹಾಗೆ ಎಳೆಯ ಮೇಲೆಯೇ ಗಟ್ಟಿಯಾಗಿ ಕೂತುಬಿಡುತ್ತದೆ.

ರಬ್ಬರ್ ಮ್ಯಾಟ್ ಮೇಲೆ ಚೆಲ್ಲಿದ್ದರೆ ಅದೃಷ್ಟ. ತೆಗೆದು ಸೋಪಿನಲ್ಲಿ ತೊಳೆದು ಒಣಗಿಸಿ, ಮುಗೀತು. ಆದರೆ ಮ್ಯಾಟ್ ಎತ್ತಿ ಅದರ ಕೆಳಗೆ ಒಮ್ಮೆ ಕೈಯಾಡಿಸಿ ನೋಡದೆ ಬಿಡಬೇಡಿ.

ಹಳೆಯ ವಾಸನೆಯಾದರೆ ಮೊದಲು ಜಾಗ ಹುಡುಕಿ

ಕಾರಿನಲ್ಲೇ ಕೂತು ಮೂಸುತ್ತಿದ್ದರೆ ಜಾಗ ಸಿಗುವುದಿಲ್ಲ. ಮೂಗು ಕೆಲವೇ ನಿಮಿಷದಲ್ಲಿ ವಾಸನೆಗೆ ಒಗ್ಗಿಕೊಳ್ಳುತ್ತದೆ. ಕಾರನ್ನು ಎಲ್ಲ ಗಾಜು ಏರಿಸಿ ಬಿಸಿಲಲ್ಲಿ ಒಂದೆರಡು ಗಂಟೆ ಬಿಡಿ. ಬಿಸಿಗೆ ವಾಸನೆಯ ಅಂಶ ಜಾಸ್ತಿ ಏಳುತ್ತದೆ. ನೀವು ಹೊರಗೆ ಚೆನ್ನಾಗಿ ಗಾಳಿ ಕುಡಿದು ಬಂದು, ಒಂದೊಂದೇ ಬಾಗಿಲು ತೆಗೆದು ಬಗ್ಗಿ ಮೂಸಿ. ಯಾವ ಬಾಗಿಲಲ್ಲಿ ಹೆಚ್ಚು ಹೊಡೆಯುತ್ತದೋ ಆ ಮೂಲೆಯಿಂದ ಶುರು ಮಾಡಿ. ಮನೆಯಲ್ಲಿ ಮೂಗು ಚುರುಕಾದವರು ಯಾರಾದರೂ ಇದ್ದರೆ ಕರೆಯಿರಿ. ಅಂಥವರು ಎಲ್ಲ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ, ಅಲ್ವಾ?

ಅನುಮಾನ ಇದ್ದ ಜಾಗಕ್ಕೆ ಸ್ವಲ್ಪ ಒದ್ದೆ ಮಾಡಿದ ಬಿಳಿ ಬಟ್ಟೆ ಇಟ್ಟು ಒಂದು ನಿಮಿಷ ಗಟ್ಟಿಯಾಗಿ ಒತ್ತಿ, ಆ ಬಟ್ಟೆಯನ್ನು ಹೊರಗೆ ತಂದು ಮೂಸಿ. ಜಾಗ ಖಚಿತ ಮಾಡಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಇದ್ದರೆ ಕತ್ತಲಲ್ಲಿ ಹಿಡಿದು ನೋಡಬಹುದು, ಒಣಗಿದ ಹಾಲಿನ ಕಲೆ ಮಂಕಾಗಿ ಹೊಳೆಯುವುದುಂಟು. ಆದರೆ ಸೋಪಿನ ಪುಡಿ, ಕೆಲವು ಬಟ್ಟೆ ಎಳೆಗಳೂ ಹೊಳೆಯುತ್ತವೆ. ಅದನ್ನೇ ಪೂರ್ತಿ ನಂಬಬೇಡಿ.

ದ್ರವ ಯಾವಾಗಲೂ ತಗ್ಗಿಗೆ ಹರಿಯುತ್ತದೆ. ಸೀಟಿನ ಮೇಲೆ ಚೆಲ್ಲಿದ್ದು ಹೊಲಿಗೆಯ ಗೆರೆ ಹಿಡಿದು ಹೋಗಿ ಸೀಟಿಗೂ ಒರಗುವ ಬೆನ್ನಿಗೂ ನಡುವಿನ ಸಂದಿಗೆ ಇಳಿದಿರುತ್ತದೆ. ಇಲ್ಲವೇ ಸೀಟಿಗೂ ಹ್ಯಾಂಡ್ ಬ್ರೇಕ್ ಇರುವ ನಡುಭಾಗಕ್ಕೂ ಮಧ್ಯೆ ಬಿದ್ದಿರುತ್ತದೆ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ, ಆಮೇಲೆ ಪೂರ್ತಿ ಮುಂದಕ್ಕೆ ತಳ್ಳಿ, ಸೀಟು ಜಾರುವ ಹಳಿಯನ್ನು ಟಾರ್ಚ್ ಹಿಡಿದು ನೋಡಿ. ಹಾಲು ಹರಿದಿದ್ದರೆ ಹಳಿಯ ಅಂಚಿನಲ್ಲಿ, ಬೋಲ್ಟಿನ ಸುತ್ತ ತಿಳಿ ಹಳದಿ ಪದರ ಒಣಗಿ ಅಂಟಿರುತ್ತದೆ. ಉಗುರಲ್ಲಿ ಕೆರೆದರೆ ಪುಡಿಯಾಗಿ ಉದುರುತ್ತದೆ. ಸೀಟಿನ ಬಟ್ಟೆಯನ್ನು ಎಷ್ಟೇ ತೊಳೆದರೂ ಈ ಪುಡಿ ಅಲ್ಲೇ ಇರುವಷ್ಟು ದಿನ ವಾಸನೆ ಹೋಗುವುದಿಲ್ಲ. ಹಳೆಯ ಟೂತ್ ಬ್ರಷ್, ಸೋಪಿನ ನೀರು, ಒದ್ದೆ ಬಟ್ಟೆ ಇದ್ದರೆ ಸಾಕು, ಐದು ನಿಮಿಷದ ಕೆಲಸ.

ಕಪ್ ಹೋಲ್ಡರ್ ಒಳಗಿನ ರಬ್ಬರ್ ಬಟ್ಟಲು ಬಹಳ ಕಾರುಗಳಲ್ಲಿ ಎತ್ತಿದರೆ ಕೈಗೆ ಬರುತ್ತದೆ. ಅದರ ಕೆಳಗೆ ಏನಿದೆ ನೋಡಿ. ಡಿಕ್ಕಿಯಲ್ಲಿ ಹಾಲಿನ ಪ್ಯಾಕೆಟ್ ಒಡೆದಿದ್ದರೆ ಸ್ಟೆಪ್ನಿ ಇಡುವ ಗುಂಡಿಯನ್ನು ತಪ್ಪದೆ ನೋಡಿ.

ಇಲ್ಲೊಂದು ಎಚ್ಚರಿಕೆ. ಮುಂದಿನ ಸೀಟಿನ ಕೆಳಗೆ ವೈರುಗಳಿರುತ್ತವೆ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್ ಅಥವಾ ಸೀಟ್ ಬೆಲ್ಟ್ ವ್ಯವಸ್ಥೆಯದು. ಅದನ್ನು ಎಳೆಯಬೇಡಿ, ಅದರ ಮೇಲೆ ನೀರು ಸುರಿಯಬೇಡಿ. ಕಾರು ಆಫ್ ಇರಲಿ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್ ಹತ್ತಿರ ಕೈ ಹಾಕಬೇಡಿ. ಕೆಲವು ಹೈಬ್ರಿಡ್ ಕಾರುಗಳಲ್ಲಿ ಬ್ಯಾಟರಿ ತಂಪು ಮಾಡುವ ಗಾಳಿಯ ಕಿಂಡಿ ಹಿಂದಿನ ಸೀಟಿನ ಪಕ್ಕದಲ್ಲೇ ಇರುತ್ತದೆ. ಅದರೊಳಗೆ ನೀರು ಹೋಗಬಾರದು.

ಸೋಡಾ, ವಿನೆಗರ್, ಎಂಜೈಮ್: ಯಾವುದು ಯಾವುದಕ್ಕೆ?

ಅಡುಗೆ ಸೋಡಾ ಮತ್ತು ವಿನೆಗರ್ ಎರಡನ್ನೂ ಒಟ್ಟಿಗೆ ಸುರಿದು ನೊರೆ ಬರಿಸುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ನೋಡೋಕೆ ಚಂದ, ಪ್ರಯೋಜನ ಕಡಿಮೆ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಒಂದನ್ನೊಂದು ಕೊಂದುಕೊಂಡು ನೀರು, ಕಾರ್ಬನ್ ಡೈಆಕ್ಸೈಡ್ ಮತ್ತು ಸೋಡಿಯಂ ಅಸಿಟೇಟ್ ಎಂಬ ಲವಣ ಉಳಿಯುತ್ತದೆ. ವಾಸನೆಯ ಮೇಲೆ ಕೆಲಸ ಮಾಡಲು ಎರಡರಲ್ಲಿ ಯಾವುದೂ ಉಳಿದಿರುವುದಿಲ್ಲ.

ಬೇರೆ ಬೇರೆಯಾಗಿ ಬಳಸಿದರೆ ಎರಡೂ ಒಳ್ಳೆಯವೇ. ಹುಳಿತ ಹಾಲು, ಕಮಟು ಹಿಡಿದ ಬೆಣ್ಣೆ ಇವುಗಳ ವಾಸನೆ ಬಹುಮಟ್ಟಿಗೆ ಆಮ್ಲಗಳಿಂದ ಬರುವಂಥದ್ದು. ಅದಕ್ಕೆ ಸೋಡಾ ಸರಿ. ಮೀನಿನ ವಾಸನೆ ಟ್ರೈಮಿಥೈಲಮೀನ್ ಎಂಬ ಕ್ಷಾರ ಗುಣದ ವಸ್ತುವಿನದು. ಅದಕ್ಕೆ ವಿನೆಗರ್ ಸರಿ. ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಬೆರೆಸಿ ಸ್ಪ್ರೇ ಬಾಟಲಿಗೆ ಹಾಕಿಕೊಳ್ಳಿ. ವಿನೆಗರ್‌ನ ಸ್ವಂತ ವಾಸನೆ ಒಣಗಿದ ಮೇಲೆ ತಾನಾಗಿ ಹೋಗುತ್ತದೆ.

ಸೋಡಾಗೆ ಒಂದು ಮಿತಿ ಇದೆ. ಪುಡಿ ಬಟ್ಟೆಯ ಮೇಲೆಯೇ ಕೂರುತ್ತದೆ, ಎರಡು ಇಂಚು ಕೆಳಗಿನ ಫೋಮಿಗೆ ಇಳಿಯುವುದಿಲ್ಲ. ಹಾಗಾಗಿ ಅದು ಕೊನೆಯ ಹಂತದ ಮದ್ದು. ತೊಳೆದು ಒಣಗಿಸಿದ ಮೇಲೆ ಉಳಿದ ಸಣ್ಣ ವಾಸನೆಗೆ ರಾತ್ರಿ ಧಾರಾಳವಾಗಿ ಉದುರಿಸಿ, ಬೆಳಗ್ಗೆ ವ್ಯಾಕ್ಯೂಮ್ ಮಾಡಿ. ಒದ್ದೆ ಸೀಟಿನ ಮೇಲೆ ಹಾಕಿದರೆ ಗಟ್ಟಿ ಹೆಪ್ಪಾಗಿ ಸಂದಿಗಳಲ್ಲಿ ಕೂತು ಬಿಳಿ ಕಲೆ ಬಿಡುತ್ತದೆ.

ಫೋಮಿನೊಳಗೆ ಇಳಿದ ಹಾಲು, ಮೊಟ್ಟೆ, ವಾಂತಿ ಇವುಗಳಿಗೆ ನನ್ನ ಮತ ಎಂಜೈಮ್ ಕ್ಲೀನರ್‌ಗೆ. ಸಾಕುಪ್ರಾಣಿಗಳ ಕಲೆಗೆ ಅಂತ ಮಾರುತ್ತಾರಲ್ಲ, ಅದೇ. ಎಂಜೈಮ್ ಅಂದರೆ ಕಲೆಯ ಅಂಶಗಳನ್ನು ಚೂರು ಮಾಡುವ ಜೈವಿಕ ವಸ್ತು. ಇದರಲ್ಲಿ ಸಾಮಾನ್ಯವಾಗಿ ಪ್ರೋಟೀನ್ ಒಡೆಯುವ ಪ್ರೋಟಿಯೇಸ್ ಇರುತ್ತದೆ. ಕೆಲವು ಕ್ಲೀನರ್‌ಗಳಲ್ಲಿ ಕೊಬ್ಬು ಒಡೆಯುವ ಲೈಪೇಸ್, ಪಿಷ್ಟ ಒಡೆಯುವ ಅಮೈಲೇಸ್ ಕೂಡ ಇರುತ್ತವೆ. ಹಾಲಿಗೆ ಮೊದಲಿನ ಎರಡೂ ಬೇಕು, ಲೇಬಲ್ ಓದಿ ಕೊಳ್ಳಿ. ಇದು ಸ್ಪ್ರೇ ಹೊಡೆದು ತಕ್ಷಣ ಒರೆಸುವ ಸಾಮಾನಲ್ಲ. ಒದ್ದೆಯಾಗಿ ಇರುವ ತನಕ ಮಾತ್ರ ಕೆಲಸ ಮಾಡುತ್ತದೆ. ಕುದಿಯುವ ನೀರು, ಬ್ಲೀಚ್ ತಾಗಿದರೆ ಕೆಡುತ್ತದೆ. ಅದಕ್ಕೇ ಎಂಜೈಮ್ ಹಾಕುವ ಮೊದಲು ಬೇರೆ ಕ್ಲೀನರ್ ಬಳಸಿದ್ದರೆ ಬರೀ ನೀರಿನಲ್ಲಿ ತೊಳೆದು ತೆಗೆಯಬೇಕು.

ಬ್ಲೀಚ್ ಮಾತು ಬಂತಲ್ಲ, ಅದನ್ನು ಕಾರಿನೊಳಗೆ ತರಲೇಬೇಡಿ. ಬಣ್ಣ ಹೋಗುವುದು ಹಾಗಿರಲಿ, ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಕಾರಿನಲ್ಲಿ ಅದು ಆಟದ ವಿಷಯ ಅಲ್ಲ. ಇನ್ನು ಯಾವ ಕ್ಲೀನರ್ ಆದರೂ ಸೀಟಿನ ಕೆಳಗಿನ ಮರೆಯ ಜಾಗದಲ್ಲಿ ಮೊದಲು ಹಚ್ಚಿ, ಒಣಗಿದ ಮೇಲೆ ಬಣ್ಣ ನೋಡಿ ಮುಂದುವರಿಯಿರಿ.

ಹಾಲು: ಎಲ್ಲಕ್ಕಿಂತ ಹಠಮಾರಿ

ಹಾಲಿನಲ್ಲಿ ಸಕ್ಕರೆ, ಪ್ರೋಟೀನ್, ಕೊಬ್ಬು ಮೂರೂ ಇವೆ, ಬ್ಯಾಕ್ಟೀರಿಯಾಗಳಿಗೆ ಪೂರ್ತಿ ಊಟ. ಅವು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಅದರಿಂದ ಹುಳಿ. ಕೊಬ್ಬು ಒಡೆದು ಬ್ಯುಟಿರಿಕ್ ಆಮ್ಲ ಬರುತ್ತದೆ. ವಾಂತಿಯ ಹಾಗೆ ಹೊಡೆಯುವ ಆ ಕಮಟು ವಾಸನೆ ಅದರದ್ದೇ. ಚೂರೇ ಚೂರು ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಮಿಲ್ಕ್‌ಶೇಕ್, ಐಸ್‌ಕ್ರೀಮ್, ಮೊಸರು, ಹಾಲು ಹಾಕಿದ ಕಾಫಿ ಎಲ್ಲಕ್ಕೂ ಇದೇ ವಿಧಾನ.

ಮೊದಲು ಆ ಜಾಗವನ್ನು ಒಣ ವ್ಯಾಕ್ಯೂಮ್‌ನಿಂದ ಸ್ವಚ್ಛ ಮಾಡಿ. ಹಳೆಯ ಕಲೆಯಾದರೆ ಉಗುರುಬೆಚ್ಚಗಿಂತ ಕಡಿಮೆ ಬಿಸಿಯ ನೀರು ಚಿಮುಕಿಸಿ ಹದಿನೈದು ನಿಮಿಷ ನೆನೆಯಲು ಬಿಡಿ. ಒಣಗಿದ ಹಾಲು ಮೆತ್ತಗಾಗುತ್ತದೆ. ಈಗ ನೀರನ್ನೂ ಎಳೆಯಬಲ್ಲ ವೆಟ್ ವ್ಯಾಕ್ಯೂಮ್‌ನಿಂದ ಎಳೆಯಿರಿ. ಮನೆಯ ಮಾಮೂಲಿ ವ್ಯಾಕ್ಯೂಮ್‌ನಲ್ಲಿ ನೀರು ಎಳೆಯಬೇಡಿ, ಮೋಟರ್ ಸುಡುತ್ತದೆ, ಶಾಕ್ ಹೊಡೆಯುವ ಅಪಾಯವೂ ಇದೆ. ವೆಟ್ ವ್ಯಾಕ್ಯೂಮ್ ಇಲ್ಲದಿದ್ದರೆ ಬಾಡಿಗೆಗೆ ತನ್ನಿ. ಅದೂ ಆಗದಿದ್ದರೆ ಟವೆಲ್ ಮತ್ತು ಮೊಣಕಾಲೇ ಗತಿ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಆಗುತ್ತದೆ.

ಎಳೆದ ನೀರನ್ನು ನೋಡುತ್ತಾ ಇರಿ. ಮೊದಲ ಸಲ ಟ್ಯಾಂಕಿನಲ್ಲಿ ಬೂದು ಬಿಳಿಯ ನೀರು, ಮೇಲೆ ತೆಳುವಾದ ಜಿಡ್ಡು. ಮೂಸಿದರೆ ಸರಿಯಾದ ಜಾಗ ಸಿಕ್ಕಿದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಚಿಮುಕಿಸುವುದು, ಎಳೆಯುವುದು, ಮತ್ತೆ ಚಿಮುಕಿಸುವುದು. ನೀರು ತಿಳಿಯಾಗುವ ತನಕ ನಿಲ್ಲಿಸಬೇಡಿ. ಒಮ್ಮೆಲೇ ಬಕೆಟ್ ಸುರಿಯಬೇಡಿ. ಹಾಕಿದ ನೀರೆಲ್ಲ ವಾಪಸ್ ಬರಬೇಕು ಅನ್ನುವ ಲೆಕ್ಕದಲ್ಲಿ ಹಾಕಿ. ಮುಂದಿನ ಪ್ರಯಾಣಿಕರ ಸೀಟಿನಲ್ಲಿ ಜನ ಕೂತಿದ್ದಾರಾ ಅಂತ ತಿಳಿಯುವ ಸೆನ್ಸರ್ ಇರಬಹುದು, ಅಲ್ಲಿ ಇನ್ನೂ ಜೋಪಾನ.

ಆಮೇಲೆ ಎಂಜೈಮ್ ಕ್ಲೀನರ್. ಹಾಲು ಎಷ್ಟು ಆಳಕ್ಕೆ ಇಳಿದಿತ್ತೋ ಅಷ್ಟೇ ಆಳಕ್ಕೆ ಇದೂ ಇಳಿಯಬೇಕು. ಮೇಲೆ ನಾಲ್ಕು ಸಲ ಪುಸ್ ಪುಸ್ ಮಾಡಿದರೆ ದುಡ್ಡು ದಂಡ. ಕಲೆಯ ಅಂಚಿನಿಂದ ನಾಲ್ಕು ಬೆರಳು ಆಚೆ ತನಕ ಹಾಕಿ, ಕೈಯಲ್ಲಿ ಒತ್ತಿ ಒತ್ತಿ ಒಳಗೆ ಇಳಿಸಿ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಇಲ್ಲದಿದ್ದರೆ ಬೇಗ ಒಣಗಿಬಿಡುತ್ತದೆ. ಲೇಬಲ್‌ನಲ್ಲಿ ಹೇಳಿದಷ್ಟು ಹೊತ್ತು ಬಿಡಿ. ಕೆಲವಕ್ಕೆ ಒಂದು ಗಂಟೆ ಸಾಕು, ಹಳೆಯ ಕಲೆಗೆ ಇಡೀ ರಾತ್ರಿ ಬೇಕಾಗಬಹುದು. ನಡುವೆ ವಾಸನೆ ಹೆಚ್ಚಾದ ಹಾಗೆ ಅನ್ನಿಸಿದರೆ ಗಾಬರಿ ಬೇಡ, ಒಣಗಿದ್ದದ್ದು ನೆನೆದಾಗ ಹಾಗಾಗುತ್ತದೆ. ಕೊನೆಗೆ ನೀರು ಚಿಮುಕಿಸಿ ಪೂರ್ತಿ ಎಳೆಯಿರಿ.

ಕಾರ್ಪೆಟ್ ಮೇಲೆ ಚೆಲ್ಲಿದ್ದರೆ ಬಾಗಿಲ ಬಳಿಯ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಕಾರ್ಪೆಟ್ ಅಂಚನ್ನು ಎತ್ತಿ ಕೆಳಗಿನ ಫೆಲ್ಟ್ ಮುಟ್ಟಿ ನೋಡಿ. ಅದು ಒದ್ದೆಯಾಗಿದ್ದರೆ ಮೇಲಿಂದ ಎಷ್ಟು ಮಾಡಿದರೂ ಅರ್ಧ ಕೆಲಸವೇ. ಕಾರ್ಪೆಟ್ ಎತ್ತಿ, ಕೆಳಗೆ ಕಟ್ಟಿಗೆಯದೋ ಪ್ಲಾಸ್ಟಿಕ್‌ದೋ ತುಂಡು ಕೊಟ್ಟು ನಿಲ್ಲಿಸಿ, ಎರಡೂ ಕಡೆ ತೊಳೆದು ಒಣಗಿಸಬೇಕು.

ಉಳಿದವು

ಜ್ಯೂಸ್, ತಂಪು ಪಾನೀಯ ಚೆಲ್ಲಿದರೆ ತೊಂದರೆ ಸಕ್ಕರೆಯದು. ಅದು ನೀರಲ್ಲಿ ಕರಗುತ್ತದೆ, ನೀರು ಹಾಕಿ ಎಳೆದರೆ ಹೋಗುತ್ತದೆ. ಬಿಟ್ಟರೆ ಅಂಟು, ಧೂಳು, ಇರುವೆ, ಆಮೇಲೆ ಹುಳಿದ ವಾಸನೆ. ಸೀಟ್ ಬೆಲ್ಟ್ ಬಕಲ್‌ನೊಳಗೆ ಸಕ್ಕರೆ ಪಾನೀಯ ಹೋಗಿದ್ದರೆ ಮಾತ್ರ ಉದಾಸೀನ ಮಾಡಬೇಡಿ. ಬಕಲ್ ಸರಿಯಾಗಿ ಲಾಕ್ ಆಗದಿದ್ದರೆ ಅಥವಾ ಬಿಚ್ಚಿಕೊಳ್ಳದಿದ್ದರೆ ನೀವೇ ಬಿಚ್ಚಿ ರಿಪೇರಿ ಮಾಡದೆ ವರ್ಕ್‌ಶಾಪ್‌ಗೆ ತೋರಿಸಿ. ಹಾಲಿಲ್ಲದ ಕಾಫಿ, ಟೀ ವಾಸನೆಗಿಂತ ಕಲೆಯ ತಲೆನೋವು. ವಿನೆಗರ್ ನೀರು ಹಾಕಿ ಒತ್ತಿದರೆ ಬಹಳಷ್ಟು ಬರುತ್ತದೆ.

ಎಣ್ಣೆ ಇರುವ ಗ್ರೇವಿಗೆ ಮೊದಲು ನೀರು ಹಾಕಬೇಡಿ. ಕಾರ್ನ್‌ಫ್ಲೋರ್ ಅಥವಾ ಅಡುಗೆ ಸೋಡಾ ದಪ್ಪಗೆ ಉದುರಿಸಿ ಅರ್ಧ ಗಂಟೆ ಬಿಟ್ಟರೆ ಎಣ್ಣೆ ಹೀರಿಕೊಳ್ಳುತ್ತದೆ. ಅದನ್ನು ವ್ಯಾಕ್ಯೂಮ್ ಮಾಡಿ, ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವೇ ಹನಿ ಹಾಕಿ ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಲಿಕ್ವಿಡ್ ಜಾಸ್ತಿ ಹಾಕಿದರೆ ನೊರೆ ತೆಗೆಯುವುದೇ ದೊಡ್ಡ ಕೆಲಸ. ಉಳಿದ ಸೋಪು ಧೂಳನ್ನು ಹಿಡಿದು ಆ ಜಾಗ ಬೇಗ ಕಪ್ಪಾಗುತ್ತದೆ.

ಮೀನು, ಹಸಿ ಮಾಂಸದ ನೀರು ಸೋರಿದ್ದರೆ ಕೈಗವಸು ಹಾಕಿ. ತಣ್ಣೀರಲ್ಲಿ ಎಳೆದು, ಎಂಜೈಮ್ ಹಾಕಿ, ತೊಳೆದ ಮೇಲೆ ಉಳಿದ ಮೀನಿನ ವಾಸನೆಗೆ ಕೊನೆಯಲ್ಲಿ ವಿನೆಗರ್ ನೀರು.

ಹುಷಾರಾಗಿ ಮುಟ್ಟಬೇಕಾದ ಜಾಗಗಳು

ಸೀಟ್ ಬೆಲ್ಟ್ ಪಟ್ಟಿಯನ್ನು ಯಾರೂ ನೆನಪಿಡುವುದಿಲ್ಲ. ಪೂರ್ತಿ ಎಳೆದು, ವಾಪಸ್ ಸುತ್ತಿಕೊಳ್ಳದ ಹಾಗೆ ಮೇಲೆ ಕ್ಲಿಪ್ ಹಾಕಿ, ಮೂಸಿ ನೋಡಿ. ಒದ್ದೆಯಾಗಿದ್ದಾಗಲೇ ಒಳಗೆ ಸುತ್ತಿಕೊಂಡ ಪಟ್ಟಿಯಲ್ಲಿ ವಾಸನೆ ತಿಂಗಳುಗಟ್ಟಲೆ ಇರುತ್ತದೆ. ಮೆದು ಸೋಪಿನ ನೀರಲ್ಲಿ ಒರೆಸಿ, ಬರೀ ನೀರಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಬಿಡಿ. ಬ್ಲೀಚ್, ಥಿನ್ನರ್ ಥರದ್ದು ತಾಗಿದರೆ ಪಟ್ಟಿಯ ಬಲವೇ ಕಡಿಮೆಯಾಗುತ್ತದೆ. ಮಕ್ಕಳ ಸೀಟಿನ ಪಟ್ಟಿಗಳಿಗೂ ಇದೇ ಮಾತು. ಅದರ ಬಟ್ಟೆಯ ಕವರ್ ತೊಳೆಯಬಹುದು, ಆದರೆ ಲೇಬಲ್ ನೋಡಿ.

ಲೆದರ್ ಸೀಟನ್ನು ನೆನೆಸಬೇಡಿ. ತೂತುಗಳಿರುವ ಲೆದರ್ ಆದರೆ ದ್ರವ ಆ ತೂತುಗಳಿಂದಲೇ ಫೋಮಿಗೆ ಇಳಿದಿರುತ್ತದೆ. ಆಗ ಕವರ್ ಬಿಚ್ಚಿ ಕೆಲಸ ಮಾಡುವವರಿಗೆ ಕೊಡುವುದೇ ಜಾಣತನ. ಛಾವಣಿಗೆ ತಂಪು ಪಾನೀಯ ಚಿಮ್ಮಿದ್ದರೆ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಆ ಬಟ್ಟೆಯಿಂದ ತಟ್ಟಿ. ನೇರ ಛಾವಣಿಗೆ ಹೊಡೆದರೆ ಒಳಗಿನ ಅಂಟು ಬಿಟ್ಟು ಬಟ್ಟೆ ಜೋಲು ಬೀಳುತ್ತದೆ.

ಒಣಗಿಸುವುದು ತೊಳೆದಷ್ಟೇ ದೊಡ್ಡ ಕೆಲಸ

ಹಾಲಿನ ವಾಸನೆ ಹೋಗಿ ಮುಗ್ಗಲು ವಾಸನೆ ಬಂತು ಅನ್ನುವವರೆಲ್ಲ ಎಡವಿರುವುದು ಇಲ್ಲೇ. ಫೋಮ್ ಒದ್ದೆಯಾಗಿ 24ರಿಂದ 48 ಗಂಟೆ ಉಳಿದರೆ ಬೂಷ್ಟು ಹಿಡಿಯಲು ಅಷ್ಟು ಸಾಕು. ಅದಕ್ಕೇ ಸಂಜೆ ಹೊತ್ತು, ಮೋಡದ ದಿನ ಈ ಕೆಲಸ ಶುರು ಮಾಡಬೇಡಿ.

ನಾಲ್ಕೂ ಬಾಗಿಲು ತೆಗೆದು ಒಂದು ಫ್ಯಾನ್ ಅನ್ನು ನೇರ ಆ ಜಾಗಕ್ಕೆ ತಿರುಗಿಸಿ ಇಡಿ. ಬಾಗಿಲು ತೆಗೆದಿಟ್ಟಾಗ ಒಳಗಿನ ಲೈಟ್ ಆಫ್ ಮಾಡಿ, ಇಲ್ಲದಿದ್ದರೆ ಬೆಳಗ್ಗೆ ಬ್ಯಾಟರಿ ಇಳಿದಿರುತ್ತದೆ. ತೇವದ ಹವೆ ಇದ್ದರೆ ಗಾಜು ಏರಿಸಿ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಯಂತ್ರ ಇಡುವುದು ಒಳ್ಳೆಯದು. ಹೇರ್ ಡ್ರೈಯರ್ ಬಿಸಿಗಾಳಿಯನ್ನು ಹತ್ತಿರ ಹಿಡಿಯಬೇಡಿ. ಮೇಲಿನ ಬಟ್ಟೆ ಒಣಗುತ್ತದೆ, ಒಳಗೆ ಹಸಿ ಹಾಗೇ ಇರುತ್ತದೆ.

ಕೈಗೆ ಒಣಗಿದ ಹಾಗೆ ಅನ್ನಿಸಿದರೆ ನಂಬಬೇಡಿ. ಒಣ ಟಿಶ್ಯೂ ಇಟ್ಟು ಅದರ ಮೇಲೆ ಒಂದು ನಿಮಿಷ ಮೊಣಕಾಲು ಊರಿ. ಟಿಶ್ಯೂ ತಣ್ಣಗೆ, ಮೆತ್ತಗೆ ಆಗಿದ್ದರೆ ಇನ್ನೂ ಒಂದು ದಿನ ಫ್ಯಾನ್.

ಗಾಳಿಯಲ್ಲಿ ಉಳಿದ ವಾಸನೆ

ಮೂಲ ಹೋದ ಮೇಲೂ ಸ್ವಲ್ಪ ವಾಸನೆ ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್‌ನಲ್ಲಿ ಉಳಿದಿರುತ್ತದೆ. ಬಹುತೇಕ ಕಾರುಗಳಲ್ಲಿ ಇದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಹಳೆಯದಾಗಿದ್ದರೆ ಬದಲಿಸಿ, ಕಾರ್ಬನ್ ಪದರ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಛಾವಣಿ, ಡ್ಯಾಶ್‌ಬೋರ್ಡ್, ಗಾಜಿನ ಒಳಬದಿಯನ್ನೂ ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಎಸಿ ಹಾಕಿದ ಮೊದಲ ಕೆಲವು ನಿಮಿಷ ಮಾತ್ರ ಮುಗ್ಗಲು ವಾಸನೆ ಬಂದು ಆಮೇಲೆ ಹೋಗುತ್ತದೆ ಅಂದರೆ, ಅದು ಚೆಲ್ಲಿದ ಹಾಲಿನದಲ್ಲ. ಎಸಿಯೊಳಗೆ ಗಾಳಿಯನ್ನು ತಂಪು ಮಾಡುವ ಇವಾಪೊರೇಟರ್ ಮೇಲೆ ಕೂತ ತೇವ, ಬೂಷ್ಟು. ಅದಕ್ಕೆ ಸೀಟು ತೊಳೆದು ಫಲವಿಲ್ಲ, ಎಸಿ ಕ್ಲೀನಿಂಗ್ ಮಾಡಿಸಬೇಕು.

ಆಕ್ಟಿವೇಟೆಡ್ ಚಾರ್‌ಕೋಲ್ ಚೀಲ ಇಡುವುದರಿಂದ ಹಾನಿ ಇಲ್ಲ, ಗಾಳಿಯಲ್ಲಿನ ಉಳಿಕೆಯನ್ನು ನಿಧಾನಕ್ಕೆ ಹೀರುತ್ತದೆ. ವಾಸನೆ ತೆಗೆಯಲು ಓಝೋನ್ ಅನಿಲ ಬಿಡುವ ಯಂತ್ರದ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು, ಹೆಚ್ಚಾದರೆ ರಬ್ಬರ್ ಬಿರುಕು ಬಿಡುತ್ತದೆ, ಫೋಮಿನ ಆಳಕ್ಕೆ ಇಳಿಯುವುದೂ ಇಲ್ಲ. ಮಾಡಿಸಲೇಬೇಕು ಅಂದರೆ ಎಲ್ಲ ತೊಳೆದು ಒಣಗಿದ ಮೇಲೆ, ಗೊತ್ತಿರುವವರ ಕೈಯಲ್ಲಿ ಮಾಡಿಸಿ. ಒಳಗೆ ಮನುಷ್ಯರೂ ಸಾಕುಪ್ರಾಣಿಗಳೂ ಇರಬಾರದು. ಆಮೇಲೆ ಬಾಗಿಲು ತೆಗೆದು ಚೆನ್ನಾಗಿ ಗಾಳಿಯಾಡಿಸಿ.

ಹೋಗಿದೆಯಾ ಅಂತ ತಿಳಿಯುವುದು ಹೇಗೆ?

ಪರ್ಫ್ಯೂಮ್ ಎಲ್ಲ ತೆಗೆದುಹಾಕಿ. ಒಣಗಿದ ಮರುದಿನ ಮತ್ತೆ ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿ, ಅದೇ ರೀತಿ ಬಾಗಿಲು ತೆಗೆದು ಮೂಸಿ. ವಾಸನೆ ಅರ್ಧದಷ್ಟು ಕಡಿಮೆಯಾಗಿದ್ದರೆ ದಾರಿ ಸರಿ ಇದೆ, ಎಂಜೈಮ್ ಇನ್ನೊಂದು ಸುತ್ತು ಹಾಕಿ. ಚೂರೂ ಕಡಿಮೆಯಾಗಿಲ್ಲ ಅಂದರೆ ಮದ್ದು ಬದಲಿಸಬೇಡಿ, ಜಾಗ ಬದಲಿಸಿ ಹುಡುಕಿ.

ಎರಡು ಮೂರು ಸುತ್ತಾದರೂ ಬಗ್ಗದಿದ್ದರೆ ಸೀಟು ಬಿಚ್ಚಬೇಕಾಗುತ್ತದೆ. ಅದು ಏರ್‌ಬ್ಯಾಗ್ ವೈರಿಂಗ್ ಗೊತ್ತಿರುವವರ ಕೆಲಸ. ಕಾರು ಕೊಡುವಾಗ ಏನು ಚೆಲ್ಲಿತ್ತು, ಯಾವಾಗ, ಯಾವ ಸೀಟಿನಲ್ಲಿ, ನೀವು ಏನೇನು ಹಾಕಿದ್ದೀರಿ ಅಂತ ಚೀಟಿಯಲ್ಲಿ ಬರೆದು ಕೊಡಿ. ಬರೀ "ಒಳಗೆ ಕ್ಲೀನ್ ಮಾಡಿ" ಅಂದರೆ ಮೇಲೆ ಶಾಂಪೂ ಹಾಕಿ ವಾಪಸ್ ಕೊಡುತ್ತಾರೆ. ಕಾರ್ಪೆಟ್ ಕೆಳಗಿನ ಫೆಲ್ಟ್ ಪೂರ್ತಿ ಹಾಲು ಕುಡಿದಿದ್ದರೆ ತೊಳೆಯುತ್ತಾ ಕೂರುವುದಕ್ಕಿಂತ ಆ ಭಾಗವನ್ನು ಕತ್ತರಿಸಿ ಹೊಸದು ಹಾಕಿಸುವುದೇ ಅಗ್ಗ.